ದಂಡಿನಿಂದ ಅಡಿಗೆಮನೆಗೆ: ಬಿಳಿ ರೊಟ್ಟಿಯ ಹಾದಿ ಹಿಡಿದು ಬೆಂಗಳೂರು ದರ್ಶನ

ಬೆಂಗಳೂರನ್ನು ನೋಡಲು ಬಂದವರು ಲಾಲ್‌ಬಾಗಿನ ಗಾಜಿನ ಮನೆ, ವಿಧಾನಸೌಧದ ಮೆಟ್ಟಿಲು, ಬಸವನಗುಡಿಯ ದೊಡ್ಡ ಬಸವ ಇಷ್ಟನ್ನು ಕಂಡು, ಊರನ್ನೇ ಕಂಡಂತಾಯಿತೆಂದು ತೃಪ್ತರಾಗಿ ಮರಳುವುದುಂಟು. ಅವು ನೋಡತಕ್ಕ ಸ್ಥಳಗಳೇ, ಅದರಲ್ಲಿ ಸಂಶಯವಿಲ್ಲ. ಆದರೆ ಒಂದು ಊರಿನ ಒಳಗುಟ್ಟನ್ನು ಅರಿಯಬೇಕಾದರೆ ಅಲ್ಲಿನ ಜನ ಏನನ್ನು ತಿನ್ನುತ್ತಾರೆ, ಹಿಂದೆ ಏನನ್ನು ಒಲ್ಲೆವೆನ್ನುತ್ತಿದ್ದರು, ಆ ಒಲ್ಲದ ವಸ್ತು ಯಾವ ಬಾಗಿಲಿನಿಂದ ಮನೆಯೊಳಕ್ಕೆ ಬಂತು ಎಂಬುದನ್ನು ವಿಚಾರಿಸಬೇಕು. ಬೆಂಗಳೂರಿನ ಮಟ್ಟಿಗೆ ಅಂಥ ವಸ್ತು ಒಂದಿದೆ. ಅದು ತಗಡಿನ ಅಚ್ಚಿನಲ್ಲಿ ಉಬ್ಬಿ, ನೆತ್ತಿ ಕಂದಾಗಿ, ಒಡಲು ಬೆಳ್ಳಗಾಗಿ ಹೊರಬರುವ ರೊಟ್ಟಿ. ನಾವೆಲ್ಲ ಬ್ರೆಡ್ಡೆಂದು ಕರೆಯುವ ಬಿಳಿ ರೊಟ್ಟಿ.

ಈಗ ಅದು ಎಲ್ಲರ ಮನೆಯ ಮೇಜಿನ ಮೇಲೂ ಇದೆ. ಅಷ್ಟೇ ಅಲ್ಲ, ಕೊಂಡು ತಂದ ರೊಟ್ಟಿಯನ್ನು ಬಿಟ್ಟು ಮನೆಯಲ್ಲೇ ನಾದಿ ಸುಟ್ಟುಕೊಳ್ಳುವವರ ಸಂಖ್ಯೆಯೂ ಈಚಿನ ವರ್ಷಗಳಲ್ಲಿ ಬೆಳೆದಿದೆ. ಈ ರೊಟ್ಟಿ ದಂಡಿನ ಒಲೆಯಿಂದ ಹೊರಟು, ಪೇಟೆಯನ್ನು ಹಾಯ್ದು, ನಮ್ಮ ಅಡಿಗೆಮನೆಯನ್ನು ಸೇರಲು ಸುಮಾರು ಇನ್ನೂರು ವರ್ಷಗಳು ಹಿಡಿದವು. ನಡೆದು ಹೋದರೆ ಆ ದಾರಿ ಒಂದು ಬೆಳಗಿನ ನಡಿಗೆಗಿಂತ ಹೆಚ್ಚಿಲ್ಲ. ಓದುಗರು ನನ್ನೊಡನೆ ಬರುವುದಾದರೆ ಆ ದಾರಿಯಲ್ಲಿ ಒಮ್ಮೆ ಹೋಗಿಬರೋಣ.

ದಂಡಿನ ರೊಟ್ಟಿ

ನಮ್ಮ ನಡಿಗೆ ಶಿವಾಜಿನಗರದಿಂದ ಆರಂಭವಾಗಲಿ. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಮುಂದೆ ಮುಂಜಾವಿನಲ್ಲಿ ನಿಂತರೆ ಹೂವು, ಹಣ್ಣು, ಮೀನು, ಮಾಂಸ ಎಲ್ಲದರ ವಾಸನೆಯೂ ಒಟ್ಟಾಗಿ ಬರುತ್ತದೆ. ಪಕ್ಕದಲ್ಲಿ ಸಂತ ಮೇರಿಯ ಗುಡಿಯ ಎತ್ತರದ ಗೋಪುರ. ಅನತಿ ದೂರದಲ್ಲಿ ಮಸೀದಿಗಳು. ತಮಿಳು, ಉರ್ದು, ಕನ್ನಡ, ಇಂಗ್ಲಿಷು ನಾಲ್ಕೂ ಒಂದೇ ಉಸಿರಿನಲ್ಲಿ ಕೇಳಿಬರುವ ಸ್ಥಳವಿದು. ಈ ಗದ್ದಲದ ನಡುವೆ ಬೇಕರಿಯ ಒಲೆಯ ಬಾಗಿಲು ತೆರೆದಾಗ ಹೊರಡುವ ಬಿಸಿ ಪರಿಮಳವೊಂದು ಉಳಿದೆಲ್ಲ ವಾಸನೆಗಳನ್ನೂ ಕ್ಷಣಕಾಲ ಹಿಂದೆ ತಳ್ಳಿಬಿಡುತ್ತದೆ.

ಈ ಪರಿಮಳ ಇಲ್ಲಿಗೆ ಬಂದದ್ದು ಸೈನ್ಯದೊಡನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಅಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷರ ಪಡೆ ಜ್ವರದ ಹಾವಳಿಗೆ ಬೇಸತ್ತು, 1809ರ ವೇಳೆಗೆ ಬೆಂಗಳೂರಿನ ತಂಪು ದಿನ್ನೆಗೆ ಸ್ಥಳಾಂತರಗೊಂಡಿತು. ಹಲಸೂರಿನ ಕೆರೆಯ ಸುತ್ತಮುತ್ತ ಬೆಳೆದ ಈ ಸೈನಿಕ ನೆಲೆಯನ್ನೇ ಕನ್ನಡಿಗರು ‘ದಂಡು’ ಎಂದರು. ದಂಡು ರೈಲು ನಿಲ್ದಾಣವೆಂಬ ಹೆಸರು ಇಂದಿಗೂ ಹಿರಿಯರ ನಾಲಗೆಯಲ್ಲಿದೆ. ಊಟಕ್ಕೆ ಅನ್ನವಿಲ್ಲದಿದ್ದರೆ ನಮಗೆ ಹೇಗೋ, ರೊಟ್ಟಿಯಿಲ್ಲದಿದ್ದರೆ ಆಂಗ್ಲ ಸಿಪಾಯಿಗೆ ಹಾಗೆ. ಅವನ ದಿನದ ಪಡಿಯನ್ನು ಪೌಂಡಿನ ಲೆಕ್ಕದಲ್ಲಿ ಅಳೆಯುತ್ತಿದ್ದರು. ಮೆಟ್ರಿಕ್ ತೂಕ ಬಂದು ದಶಕಗಳು ಸಂದರೂ ನಮ್ಮ ಬೇಕರಿಗಳಲ್ಲಿ ‘ಒಂದು ಪೌಂಡು, ಅರ್ಧ ಪೌಂಡು’ ಎಂಬ ಮಾತು ಇನ್ನೂ ಸಾಯದಿರುವುದು ಆ ಕಾಲದ ಒಂದು ಗುರುತು.

ದಂಡಿನ ಬೇಡಿಕೆಯನ್ನು ಪೂರೈಸಿದವರಲ್ಲಿ ಮುಸಲ್ಮಾನರೂ ಕ್ರೈಸ್ತರೂ ತಮಿಳು ನಾಡಿನಿಂದ ಬಂದು ನೆಲೆಸಿದವರೂ ಇದ್ದರು. ಫ್ರೇಜರ್ ಟೌನಿನ ಮಸೀದಿ ರಸ್ತೆಯಲ್ಲಿರುವ ಆಲ್ಬರ್ಟ್ ಬೇಕರಿ 1902ರಿಂದ ನಡೆದುಬಂದದ್ದು. ಶುಭ ಶುಕ್ರವಾರದಂದು ಶಿಲುಬೆಯ ಗುರುತಿನ ಸಿಹಿ ಬನ್ನುಗಳಿಗೂ, ರಂಜಾನಿನ ಸಂಜೆಗಳಲ್ಲಿ ಉಪವಾಸ ಮುರಿಯುವವರ ತಿಂಡಿಗಳಿಗೂ ಒಂದೇ ರಸ್ತೆಯಲ್ಲಿ ಜನ ನೆರೆಯುವುದನ್ನು ನೋಡಿದರೆ ದಂಡಿನ ಬದುಕು ಎಂಥ ಕಲಸುಮೇಲೋಗರವಾಗಿತ್ತೆಂಬುದು ಕಣ್ಣಿಗೆ ಕಟ್ಟುತ್ತದೆ.

ಆಗಿನ ರೊಟ್ಟಿಯನ್ನು ಉಬ್ಬಿಸುತ್ತಿದ್ದುದಾದರೂ ಯಾವುದು? ಸೀಮೆಯಿಂದ ಹಡಗಿನಲ್ಲಿ ಬರುವ ಹುದುಗು ಈ ಬಿಸಿಲಿನಲ್ಲಿ ಉಳಿಯುತ್ತಿರಲಿಲ್ಲ. ಆದ್ದರಿಂದ ದಕ್ಷಿಣದ ಬೇಕರಿಯವರು ಕೈಗೆ ಸಿಕ್ಕುವ ಹುದುಗನ್ನೇ ಹಿಡಿದರು: ಅದು ಈಚಲು, ತಾಳೆ, ತೆಂಗಿನ ಕಳ್ಳು. ಮರದಿಂದಿಳಿದ ಕಳ್ಳು ಗಂಟೆ ಕಳೆಯುವುದರೊಳಗೆ ನೊರೆಯೇಳುತ್ತದೆ. ಆ ನೊರೆಯ ಶಕ್ತಿಯೇ ಹಿಟ್ಟನ್ನು ಮೇಲಕ್ಕೆತ್ತುತ್ತಿತ್ತು. ಮದರಾಸಿನ ಸೇನಾಧಿಕಾರಿ ಕೆನಿ ಹರ್ಬರ್ಟ್ ಎಂಬಾತ ‘ವೈವರ್ನ್’ ಎಂಬ ಅಂಕಿತದಲ್ಲಿ 1878ರಲ್ಲಿ ಪ್ರಕಟಿಸಿದ ಪಾಕಪುಸ್ತಕದಲ್ಲಿ ಡೇರೆಯಲ್ಲಿದ್ದಾಗ ರೊಟ್ಟಿಯನ್ನು ತಾವೇ ಸುಟ್ಟುಕೊಳ್ಳುವ ಬಗೆಯನ್ನು ಹೇಳಿಕೊಟ್ಟಿದ್ದಾನೆ. ಹುದುಗಿಗೆ ಬದಲಾಗಿ ಡಬ್ಬದ ಬೇಕಿಂಗ್ ಪೌಡರನ್ನು ಬಳಸಿರೆನ್ನುತ್ತಾನೆ. ಹೀಗೆ ಮನೆಯ ರೊಟ್ಟಿಯ ಆಲೋಚನೆ ನಮ್ಮ ನಾಡಿನಲ್ಲಿ ನಿನ್ನೆ ಮೊನ್ನೆಯದಲ್ಲ.

ನಡುವಣ ತೋಟ

ಶಿವಾಜಿನಗರದಿಂದ ಪಶ್ಚಿಮಕ್ಕೆ ನಡೆದರೆ ಕಬ್ಬನ್ ಪಾರ್ಕು ಸಿಕ್ಕುತ್ತದೆ. 1870ರಲ್ಲಿ ರೂಪುಗೊಂಡ ಈ ಉಪವನದ ಬಿದಿರುಮೆಳೆಗಳ ನೆರಳಿನಲ್ಲಿ ಬೆಳಗಿನ ಹೊತ್ತು ಅಡ್ಡಾಡುವವರಿಗೆ ತಾವು ಒಂದು ಗಡಿಯನ್ನು ದಾಟುತ್ತಿದ್ದೇವೆಂಬ ಅರಿವೇ ಇರುವುದಿಲ್ಲ. ಆದರೆ ಇದು ನಿಜವಾಗಿಯೂ ಗಡಿಯಾಗಿತ್ತು. 1862ರಿಂದಲೇ ದಂಡಿಗೊಂದು, ಪೇಟೆಗೊಂದು ಪೌರಸಭೆಯಿದ್ದವು. 1881ರಲ್ಲಿ ಮೈಸೂರು ಸಂಸ್ಥಾನ ಮತ್ತೆ ಒಡೆಯರ ಕೈಗೆ ಬಂದಾಗಲೂ ದಂಡಿನ ಪ್ರದೇಶ ಇಂಗ್ಲಿಷರ ಆಡಳಿತದಲ್ಲಿಯೇ ಉಳಿಯಿತು. ಅದು ಸಂಸ್ಥಾನಕ್ಕೆ ಮರಳಿದ್ದು 1947ರಲ್ಲಿ; ಎರಡು ಊರುಗಳೂ ಒಂದೇ ನಗರಪಾಲಿಕೆಯ ಅಡಿಯಲ್ಲಿ ಸೇರಿದ್ದು 1949ರಲ್ಲಿ.

ತೋಟದ ಆಚೆ ದಡದಲ್ಲಿ ಕೆಂಪೇಗೌಡರು 1537ರಲ್ಲಿ ನೆಲೆಗೊಳಿಸಿದ ಪೇಟೆ. ಅಲ್ಲಿ ಅಕ್ಕಿಗೆ ಅಕ್ಕಿಪೇಟೆ, ರಾಗಿಗೆ ರಾಗಿಪೇಟೆ. ಆ ಸಾಲಿನಲ್ಲಿ ಗೋಧಿಯ ಹೆಸರು ಕಿವಿಗೆ ಬೀಳದು. ಗೋಧಿ ಉತ್ತರ ಕರ್ನಾಟಕದ ಕಪ್ಪು ನೆಲದ ಬೆಳೆ. ಮೈಸೂರಿನವರಿಗೆ ಅದು ಹೋಳಿಗೆ, ಚಿರೋಟಿಗಳ ಹಬ್ಬದ ಧಾನ್ಯ. ದಿನವೂ ಗೋಧಿಯ ರೊಟ್ಟಿಯನ್ನೇ ತಿಂದು ಬಾಳುವ ಜನ ಒಂದೂವರೆ ಹರದಾರಿ ದೂರದಲ್ಲಿಯೇ ಇದ್ದರೂ ಅವರ ರೊಟ್ಟಿ ಈ ತೋಟವನ್ನು ದಾಟಿ ಬರಲು ತೊಂಬತ್ತು ವರ್ಷ ಕಾಯಬೇಕಾಯಿತು. ತೋಟವೇನೂ ಅದನ್ನು ತಡೆದಿರಲಿಲ್ಲ. ತಡೆದದ್ದು ಹೊಸಿಲು.

ಯಾರ ಕೈಯ ರೊಟ್ಟಿ?

ಪೇಟೆಯ ಮಡಿವಂತ ಮನೆಗಳು ರೊಟ್ಟಿಯನ್ನು ದೂರವಿಟ್ಟದ್ದಕ್ಕೆ ಕಾರಣಗಳು ಅನೇಕ. ಅದರಲ್ಲಿ ಕಳ್ಳಿದೆ ಎಂಬುದು ಒಂದು. ಮೊಟ್ಟೆಯಿರಬಹುದು ಎಂಬುದು ಇನ್ನೊಂದು. ಅಚ್ಚಿಗೆ ಸವರಿದ ಜಿಡ್ಡು ಯಾವ ಪ್ರಾಣಿಯದೋ ಎಂಬುದು ಮತ್ತೊಂದು. ಇವುಗಳೆಲ್ಲದರ ಬುಡದಲ್ಲಿದ್ದ ಪ್ರಶ್ನೆ ಮಾತ್ರ ಒಂದೇ: ಇದನ್ನು ನಾದಿದ ಕೈ ಯಾರದು? ನಮ್ಮ ಸಮಾಜದಲ್ಲಿ ಅನ್ನದ ರುಚಿಗಿಂತ ಮೊದಲು ಕೇಳುತ್ತಿದ್ದ ಪ್ರಶ್ನೆಯೇ ಅದು. ಅದನ್ನು ಕೇಳುವಾಗ ನಾವು ಶುಚಿತ್ವದ ಮಾತನ್ನಾಡುತ್ತಿದ್ದೆವೋ, ಜಾತಿಯ ಮಾತನ್ನಾಡುತ್ತಿದ್ದೆವೋ ಎಂಬುದನ್ನು ಬೇರ್ಪಡಿಸಿ ನೋಡುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ.

ಚಿಕ್ಕಪೇಟೆಯ ಇಕ್ಕಟ್ಟಾದ ಬೀದಿಯಲ್ಲಿ ನಿಂತು ಈ ಪ್ರಶ್ನೆಗೆ ದೊರೆತ ಉತ್ತರವನ್ನು ನೆನೆಯುವುದು ಸ್ವಾರಸ್ಯಕರ. ಇಂದು ಇದೇ ಬೀದಿಯ ನೆಲದಡಿಯಲ್ಲಿ ಮೆಟ್ರೊ ರೈಲು ಓಡುತ್ತದೆ. ಮೇಲೆ ಸೀರೆಯಂಗಡಿಗಳ ಸಾಲು ಮೊದಲಿನಂತೆಯೇ ಇದೆ. 1898ರಲ್ಲಿ ಹಾಸನ ಜಿಲ್ಲೆಯಿಂದ ಬಂದ ಅಯ್ಯಂಗಾರ್ ಮನೆತನದ ತಿರುಮಲಾಚಾರ್ ಎಂಬವರು ಇಲ್ಲಿ ‘ಬ್ಯಾಂಗಲೂರ್ ಬ್ರದರ್ಸ್ ಬೇಕರಿ’ಯನ್ನು ತೆರೆದರು. ಮೊದಲು ಸಿಹಿತಿಂಡಿಯ ಅಂಗಡಿ ನಡೆಸುತ್ತಿದ್ದ ಅವರಿಗೆ ಆಂಗ್ಲನೊಬ್ಬ ರೊಟ್ಟಿ ಸುಡುವ ವಿದ್ಯೆಯನ್ನು ಹೇಳಿಕೊಟ್ಟನೆಂಬ ಕಥೆ ಪ್ರಚಲಿತವಾಗಿದೆ. ಅದೇ 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟು, ಜನ ಊರು ಬಿಟ್ಟು ಓಡಿ, ಮಲ್ಲೇಶ್ವರ, ಬಸವನಗುಡಿಗಳಂಥ ಬಡಾವಣೆಗಳು ಬೆಳೆಯಲು ಕಾರಣವಾಯಿತೆಂಬುದನ್ನು ಇಲ್ಲಿ ನೆನೆಯಬಹುದು. ಮುಂದೆ ಈ ಬಗೆಯ ಬೇಕರಿಗಳು ಹಬ್ಬಿದ್ದು ಅಂಥ ಬಡಾವಣೆಗಳಿಗೇ. ವಿಶ್ವೇಶ್ವರಪುರದ ವಿ. ಬಿ. ಬೇಕರಿ 1953ರಲ್ಲಿ ಆರಂಭವಾದದ್ದು. ಅದರ ಮಗ್ಗುಲಿನ ತಿಂಡಿ ಬೀದಿಯನ್ನು ಇಂದು ನೋಡದ ಪ್ರವಾಸಿಗನಿಲ್ಲ.

ಅಯ್ಯಂಗಾರ್ ಬೇಕರಿಯ ರೊಟ್ಟಿಯಲ್ಲಿ ಮೊಟ್ಟೆಯಿಲ್ಲ. ಅಚ್ಚಿಗೆ ಸವರುವ ಜಿಡ್ಡಿನ ಬಗ್ಗೆಯೂ ಗಿರಾಕಿಗೆ ಅಂಜಿಕೆಯಿಲ್ಲ. ಅಂಗಡಿಯ ಹಲಗೆಯ ಮೇಲಿನ ಜಾತಿಯ ಹೆಸರೇ ಪ್ರಮಾಣಪತ್ರ. ಹೀಗೆ ಭರವಸೆ ದೊರೆತೊಡನೆ ರೊಟ್ಟಿ ತನ್ನ ಪರದೇಶಿ ಸಂಕೋಚವನ್ನು ಬಿಟ್ಟು ಈ ನೆಲದ ರುಚಿಯನ್ನು ಮೈಗೂಡಿಸಿಕೊಂಡಿತು. ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೇರಿದ ಖಾರದ ಬನ್ನು. ಹೊಟ್ಟೆಯಲ್ಲಿ ಪಲ್ಯವನ್ನಿಟ್ಟುಕೊಂಡ ಬನ್ನು. ಕೊಬ್ಬರಿ, ಸಕ್ಕರೆ, ಟೂಟಿಫ್ರೂಟಿ ತುಂಬಿದ ದಿಲ್‌ಪಸಂದು. ಕಾದ ಕಾವಲಿಯ ಮೇಲೆ ಬೆಣ್ಣೆಯಲ್ಲಿ ಗರಿಯಾಗಿ, ಒಗ್ಗರಣೆಯ ಈರುಳ್ಳಿ ಹೊತ್ತು ಬರುವ ಟೋಸ್ಟು. ಇವುಗಳಲ್ಲಿ ಒಂದನ್ನೂ ದಂಡಿನ ಸಿಪಾಯಿ ತನ್ನದೆಂದು ಗುರುತಿಸಲಾರ!

ಆದರೂ ಮೊದಮೊದಲು ಮನೆಗಳಲ್ಲಿ ರೊಟ್ಟಿಗೆ ದೊರೆತ ಸ್ಥಾನ ರೋಗಿಯ ಹಾಸಿಗೆಯ ಪಕ್ಕದಲ್ಲಿ. ವೈದ್ಯರು ಅನ್ನ ಬಿಡಿಸಿ ‘ಹಾಲು ಬ್ರೆಡ್ಡು ಕೊಡಿ’ ಎನ್ನುತ್ತಿದ್ದರು. ಕಾಗದದಲ್ಲಿ ಸುತ್ತಿದ ಪೌಂಡು ರೊಟ್ಟಿಯನ್ನು ಹಿಡಿದು ಬೀದಿಯಲ್ಲಿ ಬಂದರೆ ನೆರೆಮನೆಯಾಕೆ ಜಗುಲಿಯಿಂದಲೇ, “ಯಾರಿಗಮ್ಮಾ ಜ್ವರ?” ಎಂದು ವಿಚಾರಿಸುತ್ತಿದ್ದರು. ಔಷಧವಾಗಿ ಒಳಗೆ ಬಂದದ್ದು ಮಕ್ಕಳ ಆಸೆಯಿಂದ ತಿಂಡಿಯಾಗಿ ಉಳಿಯಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಹಲಗೆಯ ಮೇಲಿನ ಆ ಹೆಸರು ಕೆಲವರಿಗೆ ಬಾಗಿಲು ತೆರೆದಂತೆಯೇ, ತೋಟದ ಆಚೆ ದಡದ ಕೈಗಳ ಬಗ್ಗೆ ಹೇಳದೆಯೇ ಒಂದು ತೀರ್ಪನ್ನೂ ಕೊಟ್ಟಿತು. ದಂಡಿನಲ್ಲಿ ತಲೆತಲಾಂತರದಿಂದ ರೊಟ್ಟಿ ಸುಡುತ್ತಿದ್ದವರ ಕೈಯೂ ಶುಚಿಯಾದದ್ದೇ. ಅವರ ಒಲೆಯ ಬೆಂಕಿಯೂ ಬೆಂಕಿಯೇ. ಇಷ್ಟಕ್ಕೂ ಪ್ರಕೃತಿ ಈ ವಿಷಯದಲ್ಲಿ ನಮ್ಮನ್ನು ನೋಡಿ ನಕ್ಕಂತಿದೆ. ಇಂದು ಅಂಗಡಿಯಲ್ಲಿ ಡಬ್ಬದಲ್ಲಿಯೋ ಪೊಟ್ಟಣದಲ್ಲಿಯೋ ಕೊಳ್ಳುವ ಬೇಕರಿ ಯೀಸ್ಟು ‘ಸ್ಯಾಕರೊಮೈಸಿಸ್ ಸೆರೆವಿಸಿಯೆ’ ಎಂಬ ಸೂಕ್ಷ್ಮಜೀವಿ. ಕಳ್ಳಿನ ನೊರೆಯಲ್ಲಿ ಕುಣಿಯುವ ಹುದುಗುಜೀವಿಗಳಲ್ಲಿ ಮುಖ್ಯವಾದುದೂ ಅದೇ. ಮಡಕೆಯಲ್ಲಿದ್ದಾಗ ಮೈಲಿಗೆಯೆನಿಸಿದ ಜೀವಿ ಮೊಹರು ಹಾಕಿದ ಡಬ್ಬದಲ್ಲಿ ಬಂದೊಡನೆ ಮಡಿಯಾಯಿತು!

ಕಾಲ ಈ ತೀರ್ಪನ್ನೂ ಸಡಿಲಿಸಿದೆ. ಈಗ ಅಯ್ಯಂಗಾರ್ ಎಂಬ ಹೆಸರನ್ನು ಹೊತ್ತ ಬೇಕರಿಗಳೆಲ್ಲವೂ ಆ ಪಂಗಡದವರವಲ್ಲ. ಒಲೆಯ ಮುಂದೆ ನಿಂತವನ ಜಾತಿಯನ್ನು ಗಿರಾಕಿ ಕೇಳುವುದೂ ಇಲ್ಲ. ಹೆಸರು ಒಂದು ರುಚಿಯ ಗುರುತಾಗಿ ಉಳಿದಿದೆ.

ಹೊಸ ಸಂಶಯ

ರೊಟ್ಟಿ ರೋಗಿಯ ತಟ್ಟೆಯಿಂದ ಎಲ್ಲರ ತಟ್ಟೆಗೂ ಇಳಿಯುವಂತಾದದ್ದು ಧಾನ್ಯದ ಅಭಾವದ ದಿನಗಳಲ್ಲಿ. ಯುದ್ಧಕಾಲದ ಪಡಿತರ, ಆಮೇಲಿನ ಬರಗಾಲಗಳು ಅಕ್ಕಿಯನ್ನೇ ನಂಬಿದ್ದ ಮನೆಗಳಿಗೆ ಗೋಧಿಯನ್ನು ಪರಿಚಯ ಮಾಡಿಕೊಟ್ಟವು. 1956ರ ಒಪ್ಪಂದದ ಬಳಿಕ ಅಮೆರಿಕದ ಗೋಧಿ ಹಡಗು ಹಡಗಾಗಿ ಬಂತು. 1965ರಲ್ಲಿ ಭಾರತ ಸರಕಾರವೇ ಮಾಡರ್ನ್ ಬೇಕರೀಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಮೇಣದ ಕಾಗದದಲ್ಲಿ ಸುತ್ತಿದ, ಯಂತ್ರವೇ ಹೋಳು ಮಾಡಿದ ರೊಟ್ಟಿ ಮನೆಬಾಗಿಲಿಗೆ ಬಂತು. ಕೈ ಸೋಕದ್ದೆಂಬುದೇ ಅದರ ಹೆಚ್ಚಳ. ಆ ಸಂಸ್ಥೆಯ ಬಹುಪಾಲು 2000ದಲ್ಲಿ ಖಾಸಗಿಯವರ ಕೈಸೇರಿತು.

ಕೈಯೇ ಸೋಕದಿದ್ದರೆ ಯಾರ ಕೈ ಎಂಬ ಪ್ರಶ್ನೆ ಮುಗಿದಂತಾಯಿತಷ್ಟೆ? ಮುಗಿಯಲಿಲ್ಲ. ಪ್ರಶ್ನೆ ವೇಷ ಬದಲಿಸಿ ಬಂತು. 2016ರ ಮೇ ತಿಂಗಳಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ತಮ್ಮ ಊರಿನ ಅಂಗಡಿಗಳಿಂದ 38 ಬಗೆಯ ರೊಟ್ಟಿ, ಬನ್ನು ಮೊದಲಾದವನ್ನು ಪರೀಕ್ಷಿಸಿ, ಅವುಗಳಲ್ಲಿ ನೂರಕ್ಕೆ 84ರಷ್ಟರಲ್ಲಿ ಪೊಟ್ಯಾಸಿಯಮ್ ಬ್ರೋಮೇಟ್ ಅಥವಾ ಅಯೊಡೇಟ್ ಎಂಬ ಲವಣಗಳ ಶೇಷ ಕಂಡುಬಂತೆಂದು ವರದಿ ಮಾಡಿದರು. ಹಿಟ್ಟಿನ ಅಂಟನ್ನು ಬಲಪಡಿಸಿ ರೊಟ್ಟಿಯನ್ನು ಹೆಚ್ಚು ಉಬ್ಬಿಸುವುದಕ್ಕಾಗಿ ಬೆರೆಸುತ್ತಿದ್ದ ವಸ್ತುಗಳಿವು. ಬ್ರೋಮೇಟು ಕ್ಯಾನ್ಸರಿಗೆ ಕಾರಣವಾಗಬಹುದೆಂಬ ಎಚ್ಚರಿಕೆ ಅದಕ್ಕಿಂತ ಹಿಂದೆಯೇ ಇತ್ತು. ಮರುತಿಂಗಳಲ್ಲಿಯೇ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಬ್ರೋಮೇಟನ್ನು ನಿಷೇಧಿಸಿತು.

ಇದಾದ ಮೇಲೆ ಪೊಟ್ಟಣದ ಹಿಂಬದಿಯ ಸಣ್ಣಕ್ಷರಗಳನ್ನು ಕನ್ನಡಕ ಏರಿಸಿಕೊಂಡು ಓದುವ ಗೃಹಸ್ಥರು ಹೆಚ್ಚಿದರು. ಅಜ್ಜಿ ಕೇಳಿದ್ದು, ‘ಇದರಲ್ಲಿ ಕಳ್ಳಿದೆಯೇ?’ ಮೊಮ್ಮಗಳು ಕೇಳುತ್ತಿರುವುದು, ‘ಇದರಲ್ಲಿ ಏನೇನಿದೆ?’ ಅಜ್ಜಿಯ ಪ್ರಶ್ನೆಯಲ್ಲಿ ಮನುಷ್ಯನ ಮೇಲಿನ ಶಂಕೆ ಬೆರೆತಿತ್ತು. ಮೊಮ್ಮಗಳ ಪ್ರಶ್ನೆ ವಸ್ತುವನ್ನು ಕುರಿತದ್ದು. ಅಷ್ಟರಮಟ್ಟಿಗೆ ನಾವು ಮುಂದೆ ಬಂದಿದ್ದೇವೆ. 2020ರಲ್ಲಿ ಮಹಾಮಾರಿ ಊರಿಗೆ ಊರನ್ನೇ ಬಾಗಿಲು ಹಾಕಿಸಿದಾಗ ಎಷ್ಟೋ ಮನೆಗಳು ಈ ಪ್ರಶ್ನೆಗೆ ತಾವೇ ಉತ್ತರ ಕಂಡುಕೊಳ್ಳಲು ಹೊರಟವು. ಮೈದಾ, ಉಪ್ಪು, ನೀರು, ಹುದುಗು ಇಷ್ಟರಿಂದಲೇ ರೊಟ್ಟಿಯಾಗುತ್ತದೆಂಬುದು ಅನೇಕರಿಗೆ ಹೊಸ ಸುದ್ದಿಯಾಗಿತ್ತು.

ಈ ವಿದ್ಯೆಯನ್ನು ಕ್ರಮವಾಗಿ ಕಲಿಯಬಯಸುವವರು ಊರಿನ ಉತ್ತರಕ್ಕೆ ಹೆಬ್ಬಾಳಕ್ಕೆ ಹೋಗಬಹುದು. ಅಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿ ಬೇಕರಿ ತರಬೇತಿಯ ಕೇಂದ್ರವಿದೆ. ಬೇಕರಿ ತೆರೆಯಬಯಸುವ ತರುಣರ ಜೊತೆಗೆ ಗೃಹಿಣಿಯರೂ ಅಲ್ಲಿ ಕಲಿತು ಹೋಗುತ್ತಾರೆ. ಅಷ್ಟು ದೂರ ಹೋಗಲಾಗದವರಿಗಾಗಿ ನಮ್ಮ ನಡಿಗೆಯ ಕೊನೆಯ ಘಟ್ಟವಾದ ಅಡಿಗೆಮನೆಗೆ ಹೋಗೋಣ.

ಮನೆಯ ಒಲೆಯಲ್ಲಿ

ನಮ್ಮ ಮನೆಗಳಿಗೆ ಈ ಕೆಲಸ ತೋರುವಷ್ಟು ಹೊಸದಲ್ಲ. ಹೋಳಿಗೆಯ ಕಣಕವನ್ನು ಮಿದ್ದು ಮಿದ್ದು ರಬ್ಬರಿನಂತೆ ಎಳೆಯುವ ಹದಕ್ಕೆ ತಂದ ಕೈಗೆ ಗೋಧಿಯ ಅಂಟಿನ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ದೋಸೆಯ ಹಿಟ್ಟು ರಾತ್ರಿ ಉಕ್ಕಿ ಪಾತ್ರೆಯಿಂದ ಹೊರಗೆ ಬಂದುದನ್ನು ಕಂಡವರಿಗೆ ಹುದುಗೆಂದರೇನೆಂಬುದೂ ಗೊತ್ತು. ವ್ಯತ್ಯಾಸವಿಷ್ಟೆ: ಇಡ್ಲಿ ದೋಸೆಗಳ ಹುದುಗು ಉದ್ದಿನಲ್ಲಿಯೂ ಅಕ್ಕಿಯಲ್ಲಿಯೂ ಮೊದಲೇ ಇರುವ ಬ್ಯಾಕ್ಟೀರಿಯಾಗಳ ಕೆಲಸ, ರೊಟ್ಟಿಗೆ ಯೀಸ್ಟನ್ನು ನಾವಾಗಿ ಸೇರಿಸಬೇಕು.

ಒಂದು ರೊಟ್ಟಿಗೆ 500 ಗ್ರಾಂ ಮೈದಾ, 10 ಗ್ರಾಂ ಉಪ್ಪು, 15 ಗ್ರಾಂ ಸಕ್ಕರೆ, 5 ಗ್ರಾಂ ಒಣ ಇನ್‌ಸ್ಟಂಟ್ ಯೀಸ್ಟು, 25 ಗ್ರಾಂ ಬೆಣ್ಣೆ, ಸುಮಾರು 310 ಮಿಲಿಲೀಟರ್ ಉಗುರುಬೆಚ್ಚನೆಯ ನೀರು ಸಾಕು. ನೀರು ಬಿಸಿಯಾದರೆ ಯೀಸ್ಟು ಸಾಯುತ್ತದೆ, ಬೆರಳದ್ದಿದಾಗ ಹಿತವೆನಿಸಬೇಕು. ಬೆಣ್ಣೆಯನ್ನುಳಿದು ಮಿಕ್ಕೆಲ್ಲವನ್ನೂ ಕಲಸಿ ಕಾಲು ಗಂಟೆ ಮುಚ್ಚಿಟ್ಟು, ಆಮೇಲೆ ಬೆಣ್ಣೆ ಸೇರಿಸಿ ಹತ್ತು ಹನ್ನೆರಡು ನಿಮಿಷ ಚೆನ್ನಾಗಿ ನಾದಬೇಕು. ಅಂಗೈಯ ಬುಡದಿಂದ ಮುಂದಕ್ಕೆ ಒತ್ತಿ, ಮಡಿಸಿ, ತಿರುಗಿಸಿ ಮತ್ತೆ ಒತ್ತುವುದೇ ಕ್ರಮ. ಮೊದಲು ಕೈಗಂಟುತ್ತದೆ. ಆಗ ಗಾಬರಿಯಾಗಿ ಹಿಟ್ಟು ಸುರಿಯುತ್ತ ಹೋದರೆ ರೊಟ್ಟಿ ಗಟ್ಟಿಯಾಗುವುದು ಖಂಡಿತ. ತಾಳ್ಮೆಯಿಂದ ನಾದಿದರೆ ಕಣಕ ತಾನಾಗಿಯೇ ಕೈ ಬಿಟ್ಟು ಮೃದುವಾಗುತ್ತದೆ. ಒಂದು ತುಂಡನ್ನು ಬೆರಳುಗಳ ನಡುವೆ ಮೆಲ್ಲಗೆ ಹಿಗ್ಗಿಸಿದಾಗ ಹರಿಯದೆ, ಬೆಳಕು ಕಾಣುವಷ್ಟು ತೆಳುವಾದರೆ ಹದ ಬಂತೆಂದು ತಿಳಿಯಬೇಕು. ಬ್ರೋಮೇಟಿನಿಂದ ಮಾಡಿಸುತ್ತಿದ್ದ ಕೆಲಸದ ಬಹುಭಾಗವನ್ನು ಈ ಹನ್ನೆರಡು ನಿಮಿಷಗಳ ಶ್ರಮ ಮತ್ತು ಮುಂದಿನ ಬಿಡುವು ಮಾಡಿಕೊಡುತ್ತವೆ.

ಬಿಡುವಿನ ಲೆಕ್ಕವನ್ನು ಗಡಿಯಾರಕ್ಕಿಂತ ಊರಿನ ಹವೆ ಚೆನ್ನಾಗಿ ಹೇಳುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಮೂವತ್ತನಾಲ್ಕು ಡಿಗ್ರಿಯ ಸೆಖೆಯಲ್ಲಿ ಮುಕ್ಕಾಲು ಗಂಟೆಗೇ ಕಣಕ ಇಮ್ಮಡಿಯಾಗಿಬಿಡುತ್ತದೆ. ಡಿಸೆಂಬರ್ ರಾತ್ರಿಗಳಲ್ಲಿ ಹದಿನಾರಕ್ಕಿಳಿಯುವ ಚಳಿಯಲ್ಲಾದರೆ ಎರಡು ಮೂರು ಗಂಟೆಯೂ ಸಾಲದು. ದೋಸೆಹಿಟ್ಟಿನ ಪಾತ್ರೆಗೆ ಕಂಬಳಿ ಹೊದಿಸುವ ನಮ್ಮ ಹಳೆಯ ಉಪಾಯವೇ ಇಲ್ಲಿಯೂ ನಡೆಯುತ್ತದೆ. ಇಮ್ಮಡಿಯಾದ ಕಣಕವನ್ನು ಮೆಲ್ಲಗೆ ಒತ್ತಿ ಗಾಳಿ ಬಿಡಿಸಿ, ಚಾಪೆ ಸುತ್ತಿದಂತೆ ಬಿಗಿಯಾಗಿ ಸುತ್ತಿ, ಒಂಬತ್ತು ಅಂಗುಲ ಉದ್ದ, ಐದು ಅಂಗುಲ ಅಗಲದ ಬೆಣ್ಣೆ ಸವರಿದ ಅಚ್ಚಿನಲ್ಲಿ ಅಂಚು ಕೆಳಗಾಗುವಂತೆ ಇಡಬೇಕು. ಅದು ಮತ್ತೊಮ್ಮೆ ಉಬ್ಬಿ ಅಚ್ಚಿನ ಬಾಯಿಗಿಂತ ಒಂದಂಗುಲ ಮೇಲೆದ್ದಾಗ ಬೆರಳಿನಿಂದ ಒತ್ತಿ ನೋಡಿ. ತಗ್ಗು ನಿಧಾನವಾಗಿ ತುಂಬಿಕೊಂಡರೆ ಒಲೆಗೆ ಹೊತ್ತಾಯಿತು.

ಮೊದಲೇ 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ವಿದ್ಯುತ್ ಒಲೆಯಲ್ಲಿ ಮೂವತ್ತರಿಂದ ಮೂವತ್ತೈದು ನಿಮಿಷ ಸುಡಬೇಕು. ಆ ಮೊದಲ ಹತ್ತು ನಿಮಿಷಗಳಲ್ಲಿ ಯೀಸ್ಟು ಸಾಯುವ ಮುನ್ನ ಕೊನೆಯ ಬಾರಿ ಉಸಿರುಬಿಟ್ಟು ರೊಟ್ಟಿಯನ್ನು ಮೇಲಕ್ಕೆತ್ತುವುದನ್ನು ಮಕ್ಕಳು ಗಾಜಿನಿಂದಾಚೆ ಕಣ್ಣರಳಿಸಿ ನೋಡುವರು. ನೆತ್ತಿ ಕಂದು ಬಣ್ಣಕ್ಕೆ ತಿರುಗಿ, ಅಚ್ಚಿನಿಂದ ತೆಗೆದು ತಳವನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಪೊಳ್ಳು ದನಿ ಬಂದರೆ ಬೆಂದಿದೆಯೆಂದು ಅರ್ಥ. ಒಂದೂವರೆ ಪೌಂಡಿಗೆ ಮಿಕ್ಕಿದ ರೊಟ್ಟಿ ಸಿದ್ಧ. ಇನ್ನು ಉಳಿದದ್ದು ಎಲ್ಲಕ್ಕಿಂತ ಕಠಿನವಾದ ಕೆಲಸ: ಒಂದು ಗಂಟೆ ಅದನ್ನು ಮುಟ್ಟದಿರುವುದು! ಬಿಸಿಯಲ್ಲಿ ಕೊಯ್ದರೆ ಒಳಗೆ ಅಂಟಂಟಾಗಿ ಮುದ್ದೆಗಟ್ಟುತ್ತದೆ. ಆರಿದ ಮೇಲೆ ಹೋಳು ಬಿಡಿಬಿಡಿಯಾಗಿ ಬರುತ್ತದೆ.

ಖರ್ಚಿನ ದೃಷ್ಟಿಯಿಂದ ಇದರಲ್ಲಿ ಭಾರೀ ಉಳಿತಾಯವೇನೂ ಇಲ್ಲ. ಒಲೆಯ ಬೆಲೆ, ವಿದ್ಯುತ್ತಿನ ಬಿಲ್ಲು ಸೇರಿದರೆ ಲೆಕ್ಕ ಸಮವಾದೀತು. ಪೊಟ್ಟಣದ ರೊಟ್ಟಿಯಷ್ಟು ದಿನ ಇದು ಮೆತ್ತಗಿರುವುದೂ ಇಲ್ಲ. ಮೂರನೆಯ ದಿನಕ್ಕೆ ಟೋಸ್ಟಿಗೋ ಉಪ್ಪಿಟ್ಟಿಗೋ ಮೀಸಲು. ಬಿಳಿ ಮೈದಾದಲ್ಲಿ ತವುಡು ಹೋಗಿರುವುದರಿಂದ ನಾರಿನಂಶ ಕಡಿಮೆಯೆಂಬುದೂ ನಿಜ. ಮನೆಯಲ್ಲಿ ಮಾಡಿದ ಮಾತ್ರಕ್ಕೆ ಅದು ರಾಗಿಯಾಗಿಬಿಡುವುದಿಲ್ಲ. ಮನೆಯ ರೊಟ್ಟಿಯಿಂದ ದೊರೆಯುವ ಲಾಭ ಬೇರೆ. ಅದರಲ್ಲಿ ಏನಿದೆಯೆಂಬುದು ನಮಗೆ ಗೊತ್ತು. ಬೆಳಗಾಗುವುದರೊಳಗೆ ನೂರಾರು ಪೌಂಡು ರೊಟ್ಟಿಯನ್ನು ಸಿದ್ಧಪಡಿಸುವವರ ದುಡಿಮೆ ಎಷ್ಟೆಂಬುದೂ ನಮ್ಮ ತೋಳಿಗೆ ತಿಳಿಯುತ್ತದೆ. ಆ ತಿಳಿವಳಿಕೆ ಬಂದವರು ಬೇಕರಿಯ ಕೆಲಸಗಾರನನ್ನು ಮೊದಲಿನ ಹಾಗೆ ನೋಡಲಾರರು.

ಇನ್ನೊಂದು ವಿನಂತಿ ಮನೆಯ ಗಂಡಸರಿಗೆ. ಬೇಕರಿಗಳಲ್ಲಿ ಹಿಟ್ಟು ನಾದುತ್ತ ಬಂದವರು ಬಹುಮಟ್ಟಿಗೆ ಗಂಡಸರೇ. ಆದ್ದರಿಂದ ಮನೆಯ ರೊಟ್ಟಿ ಗೃಹಿಣಿಯ ತಲೆಯ ಮೇಲೆ ಇನ್ನೊಂದು ಹೊರೆಯಾಗದಿರಲಿ. ಭಾನುವಾರ ಹನ್ನೆರಡು ನಿಮಿಷ ತೋಳಿಗೆ ಕೆಲಸ ಕೊಟ್ಟರೆ ಯಾರ ಗೌರವಕ್ಕೂ ಕುಂದಿಲ್ಲ.

ಬೆಂಗಳೂರಿಗೆ ಬರುವವರು ಒಂದು ಬೆಳಗನ್ನು ಈ ನಡಿಗೆಗೆ ಮೀಸಲಿಡಬಹುದು. ಆರು ಗಂಟೆಗೆ ಶಿವಾಜಿನಗರದಲ್ಲಿ ಬಿಸಿ ಬನ್ನು, ಚಹಾ. ಕಬ್ಬನ್ ಪಾರ್ಕಿನ ನೆರಳಿನಲ್ಲಿ ಒಂದು ಗಂಟೆ. ಚಿಕ್ಕಪೇಟೆಯ ಬೀದಿಗಳನ್ನು ಸುತ್ತಿ, ವಿಶ್ವೇಶ್ವರಪುರದಲ್ಲಿ ಖಾರದ ಬನ್ನು, ಬೆಣ್ಣೆ ಬಿಸ್ಕತ್ತು. ಎರಡೂ ದಡಗಳ ರೊಟ್ಟಿಯನ್ನು ಒಂದೇ ಚೀಲದಲ್ಲಿ ಮನೆಗೆ ತನ್ನಿ. ಸಂಜೆ ಅವನ್ನು ನಿಮ್ಮ ಕೈಯ ರೊಟ್ಟಿಯ ಜೊತೆಗೆ ಒಂದೇ ತಟ್ಟೆಯಲ್ಲಿಟ್ಟು, ಯಾವುದು ಯಾರದೆಂದು ಹೇಳದೆ ಮಕ್ಕಳ ಮುಂದಿಡಿ. ಅವರು ಆರಿಸಿಕೊಳ್ಳುವುದು ರುಚಿಯನ್ನು ನೋಡಿ. ಕೈ ಯಾರದೆಂದು ಕೇಳುವುದಿಲ್ಲ.